ಒಂದೇ ಮ್ಯಾಚಿಗೆ ಮುಗಿಯುವ ಸೀಸನ್

ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಬಸ್ ಹತ್ತಿ ಕಿಟಕಿ ಬದಿಯಲ್ಲಿ ಕುಳಿತು ಬೈಂದೂರಿನ ತನಕ ಬ್ಯಾನರ್‌ಗಳನ್ನು ಎಣಿಸುತ್ತಾ ಹೋಗಿ. ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಉಪ್ಪುಂದ ಎನ್ನುವಷ್ಟರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ವಾಲಿಬಾಲ್ ಪಂದ್ಯಾಟ, ಅಂಡರ್ ಆರ್ಮ್ ಕ್ರಿಕೆಟ್, ನಡುವೆ ಎರಡು ಯಕ್ಷಗಾನ ಸಿಗುತ್ತವೆ. ಫುಟ್‌ಬಾಲ್ ಎಂದು ಬರೆದ ಬ್ಯಾನರ್ ಒಂದಾದರೂ ಕಂಡರೆ ಆ ದಿನ ನಿಮ್ಮ ಅದೃಷ್ಟ ಚೆನ್ನಾಗಿದೆ ಎಂದರ್ಥ.

ಇಂಥ ಊರಿನಲ್ಲಿ ಕಾಲೇಜಿನ ಫುಟ್‌ಬಾಲ್ ಟೀಮಿನಲ್ಲಿ ಆಡುತ್ತೇವೆ ಎಂದರೆ ಜನ ನಮ್ಮನ್ನು ಸ್ವಲ್ಪ ಕನಿಕರದಿಂದಲೇ ನೋಡುತ್ತಾರೆ. ಕ್ಯಾಂಟೀನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮನೆಗೆ ಬಂದ ಮಾವನ ಬಾಯಲ್ಲಿ ಕೇಳಿ ಬರುವುದು ಒಂದೇ ಪ್ರಶ್ನೆ: “ಹ್ವಾಯ್, ಈ ವರ್ಷ ಆರೂ ಗೆಲ್ತ್ರ್ಯಾ?” ಕಾಲೇಜು ಶುರುವಾಗಿ, ಹೊಸ ಹುಡುಗರು ಬಂದು, ಟೀಮ್ ಲಿಸ್ಟ್ ಬರೆಯುವ ಹೊತ್ತಿಗೆ ಈ ಪ್ರಶ್ನೆಗೆ ಒಂದು ಪ್ರಾಮಾಣಿಕ ಉತ್ತರ ಕೊಡಬೇಕೆನಿಸಿತು. ನಾನು ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿ, ಟೀಮಿನಲ್ಲಿ ಎಡಗಡೆಯ ಬ್ಯಾಕ್. ಆದ್ದರಿಂದ ಇದು ಹೊರಗಿನಿಂದ ನೋಡಿ ಬರೆದ ವರದಿಯಲ್ಲ. ಆದರೂ ನಮ್ಮವರೆಂದು ಹೊಗಳಿ ಬರೆಯುವ ಉದ್ದೇಶವೂ ಇಲ್ಲ.

ಸೀಸನ್ ಎಂದರೆ ಎಷ್ಟು ಮ್ಯಾಚು?

ಟಿವಿಯಲ್ಲಿ ನಾವು ನೋಡುವ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳು. ಒಂದು ಸೀಸನ್‌ನಲ್ಲಿ ಪ್ರತಿ ತಂಡ ಆಡುವುದು 38 ಮ್ಯಾಚು. ಮೊದಲ ಮ್ಯಾಚ್ ಸೋತವನಿಗೆ ಇನ್ನೂ 37 ಅವಕಾಶ ಉಳಿದಿರುತ್ತದೆ. ನಮಗೆ ಸೀಸನ್ ಎಂದರೆ ಮಂಗಳೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಾಟ. ಇಂಥ ಪಂದ್ಯಾಟಗಳು ಸಾಮಾನ್ಯವಾಗಿ ನಾಕೌಟ್‌ನಲ್ಲಿ ಶುರುವಾಗುತ್ತವೆ. ಸೋತ ತಂಡ ಬ್ಯಾಗ್ ಕಟ್ಟಿಕೊಂಡು ಅದೇ ಸಂಜೆಯ ಬಸ್ ಹಿಡಿಯುತ್ತದೆ.

ನಾಕೌಟ್‌ನ ಲೆಕ್ಕ ಬಹಳ ಸರಳ. 16 ತಂಡ ಬಂದರೆ ಒಟ್ಟು 15 ಮ್ಯಾಚ್ ನಡೆಯುತ್ತದೆ. ಏಕೆಂದರೆ ಪ್ರತಿ ಮ್ಯಾಚಿಗೆ ಒಂದು ತಂಡ ಹೊರಗೆ ಹೋಗಬೇಕು, ಕೊನೆಗೆ ಒಂದೇ ಉಳಿಯಬೇಕು. ಅದರಲ್ಲಿ 8 ತಂಡಗಳು ಮೊದಲ ಸುತ್ತಿನಲ್ಲೇ ಹೋಗುತ್ತವೆ. ಅಂದರೆ ಬಂದ ತಂಡಗಳಲ್ಲಿ ಅರ್ಧದಷ್ಟು ಇಡೀ ವರ್ಷ ಕಾದು ಆಡುವುದು ಒಂದೇ ಒಂದು ಮ್ಯಾಚು. ತಂಡಗಳ ಸಂಖ್ಯೆ 32 ಆದರೂ ಇದೇ ಕತೆ. ಆಗ ಒಂದೇ ಮ್ಯಾಚಿಗೆ ಮನೆಗೆ ಹೋಗುವವರು 16 ತಂಡ.

ನಾನು ಟೀಮಿಗೆ ಸೇರಿ ಎರಡು ವರ್ಷವಾಯಿತು. ಎರಡು ವರ್ಷದಲ್ಲಿ ನಾವು ಆಡಿದ ಅಧಿಕೃತ ಮ್ಯಾಚು ಎರಡು. ಎರಡೂ ಸೋಲು, ಮೊದಲನೆಯದು 4–0, ಎರಡನೆಯದು 1–0. ಎರಡನೇ ವರ್ಷದ ಸೋಲನ್ನು ನಾವು ಇವತ್ತಿಗೂ ಗೆಲುವಿನಂತೆ ಹೇಳಿಕೊಳ್ಳುತ್ತೇವೆ. ಏಕೆಂದರೆ ಎದುರಾಳಿ ತಂಡದವರು ಆ ವರ್ಷ ಆಗಲೇ ಹತ್ತು ಹದಿನೈದು ಮ್ಯಾಚ್ ಆಡಿ ಬಂದಿದ್ದವರು.

ಇದರಲ್ಲಿ ಸೋಲು ಗೆಲುವಿಗಿಂತ ದೊಡ್ಡ ವಿಷಯವೊಂದಿದೆ. ಅಂತರ ಕಾಲೇಜು ಪಂದ್ಯಾಟದಲ್ಲಿ ಕಣ್ಣಿಗೆ ಬಿದ್ದ ಹುಡುಗರಿಗೆ ವಿಶ್ವವಿದ್ಯಾನಿಲಯ ತಂಡದ ಆಯ್ಕೆಯ ದಾರಿ ತೆರೆಯುತ್ತದೆ, ಅಲ್ಲಿಂದ ಮುಂದೆ ದಕ್ಷಿಣ ವಲಯದ ಅಂತರ ವಿ.ವಿ. ಪಂದ್ಯಾಟ. ಸೆಮಿಫೈನಲ್ ತನಕ ಹೋದ ತಂಡದ ಸಾಧಾರಣ ಆಟಗಾರನನ್ನು ನೋಡಲು ಆಯ್ಕೆಗಾರರಿಗೆ ಮೂರು ನಾಲ್ಕು ಮ್ಯಾಚ್ ಸಿಗುತ್ತದೆ. ಮೊದಲ ಸುತ್ತಿನಲ್ಲೇ ಸೋತ ತಂಡದ ಒಳ್ಳೆಯ ಆಟಗಾರನಿಗೆ ಸಿಗುವುದು ಒಂದೇ ಮ್ಯಾಚು. ಆ ಹೊತ್ತಿನಲ್ಲಿ ಚೆಂಡು ಅವನ ಕಾಲಿಗೆ ಬಂದರೆ ಬಂತು, ಇಲ್ಲದಿದ್ದರೆ ಮತ್ತೆ ಮುಂದಿನ ವರ್ಷ. ಕೊನೆಯ ವರ್ಷದವನಿಗೆ ಆ ಮುಂದಿನ ವರ್ಷವೂ ಇಲ್ಲ.

ಕಬಡ್ಡಿ ಅಂಕಣ 55, ಫುಟ್‌ಬಾಲ್ ಮೈದಾನ ಒಂದು

ನಮ್ಮ ಕರಾವಳಿಯ ಹುಡುಗರಿಗೆ ಫುಟ್‌ಬಾಲ್ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು, ಮೊದಲು ಟೇಪ್ ಹಿಡಿದು ಜಾಗ ಅಳೆಯಿರಿ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 130 ಚದರ ಮೀಟರ್. ವಾಲಿಬಾಲ್ ಅಂಕಣ 18 ಮೀಟರ್‌ಗೆ 9, ಅದು 162 ಚದರ ಮೀಟರ್. ದೊಡ್ಡ ಪಂದ್ಯಗಳಿಗೆ ಬಳಸುವ ಫುಟ್‌ಬಾಲ್ ಮೈದಾನ 105 ಮೀಟರ್‌ಗೆ 68, ಒಟ್ಟು 7,140 ಚದರ ಮೀಟರ್. ಒಂದು ಫುಟ್‌ಬಾಲ್ ಮೈದಾನದೊಳಗೆ ಹೆಚ್ಚುಕಮ್ಮಿ 55 ಕಬಡ್ಡಿ ಅಂಕಣ ಹಿಡಿಯುತ್ತದೆ.

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಹೊಳೆ, ತೋಟ, ಬೈಲು ಗದ್ದೆ. ಇಂಥ ಊರಿನಲ್ಲಿ ದೇವಸ್ಥಾನದ ಎದುರಿನ ಜಾಗದಲ್ಲೋ ಶಾಲೆಯ ಅಂಗಳದಲ್ಲೋ ಒಂದು ನೆಟ್ ಕಟ್ಟಿ ನಾಲ್ಕು ದೀಪ ಹಾಕಿದರೆ ವಾಲಿಬಾಲ್ ಪಂದ್ಯಾಟ ಆಗಿಹೋಗುತ್ತದೆ. ಫುಟ್‌ಬಾಲ್‌ಗೆ ಅಷ್ಟು ಸಮತಟ್ಟು ಜಾಗ ಎಲ್ಲಿಂದ ತರುವುದು? ಕುಂದಾಪುರದ ಗಾಂಧಿ ಮೈದಾನದಂಥ ಜಾಗ ಊರಿಗೊಂದು ಇಲ್ಲ. ನಿಯಮದ ಪ್ರಕಾರ ಮೈದಾನದ ಉದ್ದ ಕನಿಷ್ಠ 90 ಮೀಟರ್, ಅಗಲ ಕನಿಷ್ಠ 45 ಮೀಟರ್ ಇದ್ದರೂ ಸಾಕು. ಆದರೆ ಅಷ್ಟಿರುವ ಕಾಲೇಜು ಮೈದಾನಗಳಲ್ಲೂ ನಡುವೆ ಕ್ರಿಕೆಟ್ ಪಿಚ್ ಇರುತ್ತದೆ. ಅದರ ಮೇಲೆ ಸ್ಟಡ್ ಇರುವ ಶೂ ಹಾಕಿ ಓಡಿದರೆ ಕ್ರಿಕೆಟ್ ಟೀಮಿನವರು ಸುಮ್ಮನಿರುತ್ತಾರೆಯೇ?

ಹಾಗಾಗಿ ನಮ್ಮ ತಂಡಕ್ಕೆ ಬರುವವರಲ್ಲಿ ಚಿಕ್ಕಂದಿನಿಂದ ಫುಟ್‌ಬಾಲ್ ಆಡಿದವರು ಕಡಿಮೆ. ಹೆಚ್ಚಿನವರು ಬೇರೆ ಆಟದಿಂದ ದಾಟಿ ಬಂದವರು. ಈ ವರ್ಷದ ಟೀಮಿನ ಬಲಾಬಲ ತಿಳಿಯಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು.

ಯಾರು ಯಾವ ಆಟದಿಂದ ಬಂದರು?

ನಮ್ಮ ಗೋಲ್‌ಕೀಪರ್ ಕೋಟ ಕಡೆಯವನು, ಮೂಲತಃ ವಾಲಿಬಾಲ್ ಆಟಗಾರ. ಗೋಲ್ ಕಂಬಗಳ ನಡುವಿನ ಅಂತರ 7.32 ಮೀಟರ್, ಎತ್ತರ 2.44 ಮೀಟರ್. ಬ್ಲಾಕ್‌ಗೆ ಹಾರಿ ಅಭ್ಯಾಸವಿರುವ ಅವನಿಗೆ ಎತ್ತರದ ಚೆಂಡು ದೊಡ್ಡ ವಿಷಯವಲ್ಲ. ಯಾವಾಗ ಹಾರಬೇಕು ಎಂಬ ಅಂದಾಜು ಅವನ ಮೈಯಲ್ಲೇ ಇದೆ. ನೆಲಕ್ಕೆ ಅಂಟಿಕೊಂಡು ಬರುವ ಚೆಂಡಿಗೆ ಮಾತ್ರ ಬಗ್ಗುವುದು ಒಂದು ಕ್ಷಣ ತಡ. ಎರಡು ತಿಂಗಳಿಂದ ಅದೊಂದನ್ನೇ ಅಭ್ಯಾಸ ಮಾಡುತ್ತಿದ್ದಾನೆ.

ಡಿಫೆನ್ಸ್‌ನ ನಡುವೆ ನಿಲ್ಲುವ ಇಬ್ಬರೂ ಕಬಡ್ಡಿಯವರು. ಒಬ್ಬ ಸಿದ್ದಾಪುರದಿಂದ, ಇನ್ನೊಬ್ಬ ಶಂಕರನಾರಾಯಣದಿಂದ ಬರುತ್ತಾನೆ. ರೈಡರ್‌ನ ಸೊಂಟ ನೋಡಿ ಅವನು ಯಾವ ಕಡೆ ತಿರುಗುತ್ತಾನೆ ಎಂದು ಹೇಳಬಲ್ಲವರಿಗೆ ಎದುರಾಳಿಯ ಸ್ಟ್ರೈಕರ್ ಮೋಸ ಮಾಡುವುದು ಕಷ್ಟ. ತೊಂದರೆ ಏನೆಂದರೆ, ಅವನು ದಾಟಿ ಹೋದ ಕೂಡಲೇ ಇವರ ಕೈ ತಾನಾಗಿಯೇ ಅವನ ಅಂಗಿಗೆ ಹೋಗುತ್ತದೆ. ಕಬಡ್ಡಿಯಲ್ಲಿ ಹಿಡಿದರೆ ಪಾಯಿಂಟ್, ಇಲ್ಲಿ ಹಿಡಿದರೆ ಫೌಲ್, ಗೋಲಿನ ಹತ್ತಿರ ಹಿಡಿದರೆ ಪೆನಾಲ್ಟಿ. ಪಿ.ಡಿ. ಸರ್ ಅವರಿಬ್ಬರಿಗೆ ಅಭ್ಯಾಸದಲ್ಲಿ ಕೈಗೆ ಒಂದೊಂದು ಟೆನಿಸ್ ಬಾಲ್ ಕೊಟ್ಟು ಆಡಿಸುತ್ತಾರೆ. ಕೈಯಲ್ಲಿ ಬಾಲ್ ಇದ್ದರೆ ಅಂಗಿ ಹಿಡಿಯಲು ಬರುವುದಿಲ್ಲ.

ಮುಂದಿನ ಸಾಲಿನಲ್ಲಿ ಗಂಗೊಳ್ಳಿಯ ಹುಡುಗ, ಜೊತೆಗೆ ಶಿರೂರಿನವನು. ಇಬ್ಬರೂ ಕಡಲ ದಂಡೆಯ ಹೊಯಿಗೆಯಲ್ಲಿ ಆಡಿ ಬೆಳೆದವರು. ಹೊಯಿಗೆಯಲ್ಲಿ ಓಡಿದ ಕಾಲಿಗೆ ಮೈದಾನದ ಹುಲ್ಲು ಡಾಮರು ರಸ್ತೆಯಷ್ಟು ಸಲೀಸು. ಚೆಂಡನ್ನು ಕಾಲಿನಿಂದ ಬಿಡದೆ ಇಬ್ಬರನ್ನು ದಾಟಿಸುತ್ತಾರೆ. ಮೂರನೆಯವನನ್ನು ದಾಟಿಸುವ ಬದಲು ಪಾಸ್ ಕೊಡಬೇಕು ಎಂಬುದನ್ನು ಒಪ್ಪಿಸುವುದಷ್ಟೇ ಬಾಕಿ.

ಈಗ ಉಳಿದದ್ದು ಮಿಡ್‌ಫೀಲ್ಡ್. ಕಳೆದ ವರ್ಷ ನಡುವೆ ಆಡುತ್ತಿದ್ದ ಇಬ್ಬರೂ ಪದವಿ ಮುಗಿಸಿ ಹೋದರು. ಒಬ್ಬ ಬೆಂಗಳೂರಿನಲ್ಲಿ ಚಿಕ್ಕಪ್ಪನ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿದ್ದಾನೆ, ಇನ್ನೊಬ್ಬ ಮುಂಬೈಯಲ್ಲಿ. ಆ ಜಾಗಕ್ಕೆ ನಮಗೆ ಆಳಿಲ್ಲ. ವಾಲಿಬಾಲ್ ಒಬ್ಬ ಕೀಪರ್‌ನನ್ನು ಕೊಡುತ್ತದೆ, ಕಬಡ್ಡಿ ಡಿಫೆಂಡರ್‌ನನ್ನು ಕೊಡುತ್ತದೆ, ಕಡಲ ದಂಡೆ ಸ್ಟ್ರೈಕರ್‌ನನ್ನು ಕೊಡುತ್ತದೆ. ಮಿಡ್‌ಫೀಲ್ಡರ್‌ನನ್ನು ಕೊಡುವ ಬೇರೆ ಆಟ ನಮ್ಮೂರಿನಲ್ಲಿಲ್ಲ. ಚೆಂಡು ಬರುವ ಮೊದಲೇ ಹಿಂದೆ ಯಾರಿದ್ದಾರೆ, ಮುಂದೆ ಯಾರು ಖಾಲಿ ಇದ್ದಾರೆ ಎಂದು ತಿರುಗಿ ನೋಡಿಕೊಳ್ಳುವ ಅಭ್ಯಾಸ ಹನ್ನೊಂದು ಜನರ ಎದುರು ಹನ್ನೊಂದು ಜನ ನಿಂತು ಆಡಿದ ಮ್ಯಾಚುಗಳಿಂದ ಮಾತ್ರ ಬರುತ್ತದೆ. ವರ್ಷಕ್ಕೆ ಒಂದೇ ಮ್ಯಾಚ್ ಆಡುವ ತಂಡದಲ್ಲಿ ಮಿಡ್‌ಫೀಲ್ಡರ್ ಹುಟ್ಟುವುದೇ ಇಲ್ಲ. ನಮ್ಮ ತಂಡದ ದೊಡ್ಡ ಕೊರತೆ ಇದು. ಸುತ್ತಲಿನ ಬೇರೆ ಕಾಲೇಜುಗಳ ಗೆಳೆಯರನ್ನು ಕೇಳಿದರೂ ಅವರು ಹೇಳುವುದು ಇದನ್ನೇ.

ಮಳೆಗಾಲವೇ ಸೀಸನ್

“ಮಳಿಯಂಗೆ ಎಂತ ಆಟ ಮಾರಾಯ?” ಎಂದು ಮನೆಯಲ್ಲಿ ಕೇಳುತ್ತಾರೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕ್ರಿಕೆಟ್‌ನವರಿಗೆ ಅದು ಪೂರ್ತಿ ರಜೆ.

ಆದರೆ ಫುಟ್‌ಬಾಲ್ ಮಳೆಗೆ ಹೆದರುವ ಆಟವಲ್ಲ. ಕೋಲ್ಕತ್ತದಲ್ಲಿ 1898ರಲ್ಲಿ ಶುರುವಾದ ಲೀಗ್ ಬೆಳೆದದ್ದೇ ಮಳೆಗಾಲದ ಆಟವಾಗಿ. ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು 1911ರ ಜುಲೈ 29ರಂದು, ಹೆಚ್ಚಿನವರು ಬರಿಗಾಲಿನಲ್ಲಿ ಆಡಿ. ಜುಲೈ ಎಂದರೆ ಅಲ್ಲಿಯೂ ಮಳೆಗಾಲವೇ. ಇನ್ನೂ ದೂರ ಹೋಗುವುದಾದರೆ ಐಸ್‌ಲ್ಯಾಂಡನ್ನು ನೋಡಿ. ಆ ದೇಶದ ಜನಸಂಖ್ಯೆ ನಾಲ್ಕು ಲಕ್ಷವನ್ನೂ ಮುಟ್ಟುವುದಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ಉಡುಪಿ ಜಿಲ್ಲೆಯೊಂದರಲ್ಲೇ 11.77 ಲಕ್ಷ ಜನ. ವರ್ಷದ ಬಹುಪಾಲು ಚಳಿ, ಗಾಳಿ, ಕತ್ತಲೆ ಇರುವ ಆ ದೇಶ ಒಳಾಂಗಣ ಮೈದಾನಗಳನ್ನು ಕಟ್ಟಿತು, ಮಕ್ಕಳಿಗೆ ಕಲಿಸಲು ತರಬೇತಾದ ಕೋಚ್‌ಗಳನ್ನು ತಯಾರು ಮಾಡಿತು. 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿತು. 2018ರ ವಿಶ್ವಕಪ್‌ನಲ್ಲಿ ಮೆಸ್ಸಿಯ ಅರ್ಜೆಂಟೀನಾ ಜೊತೆ 1–1 ಡ್ರಾ ಮಾಡಿಕೊಂಡಿತು. ಅವರಷ್ಟು ದುಡ್ಡು ನಮ್ಮಲ್ಲಿ ಇಲ್ಲ, ನಿಜ. ಆದರೆ ಹವಾಮಾನ ಕೆಟ್ಟದಾಗಿದೆ ಎಂದು ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದಕ್ಕೆ ಅವರು ಸಾಕ್ಷಿ.

ನಮ್ಮ ಮಳೆಗಾಲಕ್ಕೆ ಇನ್ನೊಂದು ಅನುಕೂಲವೂ ಇದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬೋಟಿನಲ್ಲಿ ದುಡಿಯುವ ಅಣ್ಣಂದಿರು, ಹಿಂದೆ ನಮ್ಮಂತೆಯೇ ಕಾಲೇಜು ಟೀಮಿನಲ್ಲಿ ಆಡಿದವರು, ಆಗ ಊರಿನಲ್ಲೇ ಇರುತ್ತಾರೆ. ಈ ಸಲ ನಾವು ಅವರ ಜೊತೆ ಆರು ಅಭ್ಯಾಸ ಪಂದ್ಯ ಆಡಿದೆವು. ಐದು ಸೋತೆವು, ಕೊನೆಯದು 2–2 ಡ್ರಾ. ಬಲೆ ಎಳೆದ ತೋಳಿನವರಿಗೆ ಭುಜ ಕೊಟ್ಟು ನಿಲ್ಲುವುದನ್ನು ನಮ್ಮ ಡಿಫೆಂಡರ್‌ಗಳು ಅಲ್ಲಿಯೇ ಕಲಿತರು. ಆಗಸ್ಟ್ ಬಂತು, ಬೋಟು ಕಡಲಿಗೆ ಇಳಿಯಿತು, ನಮ್ಮ ಎದುರಾಳಿ ತಂಡವೂ ಅದರ ಜೊತೆ ಹೋಯಿತು.

ಆಮೇಲೆ ಉಳಿಯುವುದು ಕಾಲೇಜು ಬಿಟ್ಟ ಮೇಲಿನ ಒಂದು ಗಂಟೆ. ಅದಕ್ಕೂ ಬಸ್ಸಿನ ಗಡುವು ಇದೆ. ಅಮಾಸೆಬೈಲು, ಕೊಲ್ಲೂರು ಕಡೆಯ ಹುಡುಗರು ಸಂಜೆಯ ಬಸ್ ತಪ್ಪಿಸಿಕೊಂಡರೆ ಮನೆ ಸೇರುವುದು ಕಷ್ಟ. ಹಾಗಾಗಿ ಅಭ್ಯಾಸದ ಕೊನೆಯ ಇಪ್ಪತ್ತು ನಿಮಿಷದಲ್ಲಿ ನಮ್ಮಲ್ಲಿ ಹನ್ನೊಂದು ಜನ ಇರುವುದೇ ಅಪರೂಪ. ಮ್ಯಾಚಿನ ಕೊನೆಯ ಇಪ್ಪತ್ತು ನಿಮಿಷದಲ್ಲಿ ನಮ್ಮ ಉಸಿರು ಹೋಗುವುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನ್ನ ಗುಮಾನಿ. ಮೇಲಿಂದ ಇಂಟರ್ನಲ್ ಪರೀಕ್ಷೆ, ಅಸೈನ್‌ಮೆಂಟ್. ಸೆಮಿಸ್ಟರ್ ಪದ್ಧತಿಯಲ್ಲಿ ಆಟಕ್ಕೆ ಸಿಗುವ ಕಿಟಕಿ ಬಹಳ ಸಣ್ಣದು.

ಆಡುವವರು ಊರು ಬಿಡುವುದು ಏಕೆ?

ನಮ್ಮ ತಾಲೂಕಿನಲ್ಲಿ ಕ್ರೀಡಾಪಟುಗಳಿಲ್ಲ ಎಂದು ಯಾರೂ ಹೇಳುವಂತಿಲ್ಲ. ವಂಡ್ಸೆ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ತಂದರು. ಅವರು ಓದಿದ್ದು ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ. ಭಾರ ಎತ್ತುವ ಸಲಕರಣೆ, ಹಾಸ್ಟೆಲ್, ಕೋಚ್ ಇರುವ ಕಡೆಗೆ ಪ್ರತಿಭೆ ಹೋಗುವುದು ಸಹಜ. ಮೂಡುಬಿದಿರೆಯ ಆಳ್ವಾಸ್ ಕೂಡ ಕ್ರೀಡಾಪಟುಗಳಿಗೆ ಉಚಿತ ಶಿಕ್ಷಣ ಕೊಟ್ಟು ಬೆಳೆಸುವ ಸಂಸ್ಥೆ. ಅಲ್ಲಿಗೆ ಹೋದವರ ಬಗ್ಗೆ ನಮಗೆ ಹೆಮ್ಮೆಯೇ ಹೊರತು ಅಸೂಯೆಯಿಲ್ಲ.

ಆದರೆ ಹೋಗಲಾಗದವರೂ ಇದ್ದಾರೆ. ಬೆಳಿಗ್ಗೆ ಹಾಲು ಡೈರಿಗೆ ಕೊಟ್ಟು ಕಾಲೇಜಿಗೆ ಬರುವವನು, ಸಂಜೆ ಅಂಗಡಿಯಲ್ಲಿ ಕೂರಬೇಕಾದವನು, ಅಮ್ಮ ಒಬ್ಬರೇ ಇರುವುದರಿಂದ ಹಾಸ್ಟೆಲಿಗೆ ಹೋಗದವನು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳ ತಂಡ ಎಂದರೆ ಹೆಚ್ಚಾಗಿ ಇವರೇ. ಊರಿನ ತಂಡ ಇಲ್ಲವಾದರೆ ಇವರಿಗೆ ಆಟವೇ ಇಲ್ಲ. ನಮ್ಮ ಹದಿನೆಂಟು ಜನರ ಪಟ್ಟಿಯಲ್ಲಿ ಏಳು ಜನ ಕೊನೆಯ ವರ್ಷದವರು. ಈ ವರ್ಷವೂ ಒಂದೇ ಮ್ಯಾಚಿಗೆ ವಾಪಸು ಬಂದರೆ ಮುಂದಿನ ವರ್ಷ ತಂಡ ಕಳುಹಿಸಲು ಹನ್ನೊಂದು ಜನ ಸಿಗುತ್ತಾರೆಯೇ ಎಂಬುದು ಪಿ.ಡಿ. ಸರ್‌ಗೂ ಗೊತ್ತಿಲ್ಲ. ಹೊಸ ಹುಡುಗರು ಕಬಡ್ಡಿ ಅಭ್ಯಾಸಕ್ಕೆ ಹೋದರೆ ಅವರನ್ನು ತಪ್ಪು ಎನ್ನಲಾದೀತೇ? ಅಲ್ಲಿ ಒಂದು ಸೀಸನ್‌ಗೆ ಊರ ಪಂದ್ಯಾಟವೇ ಹತ್ತು ಸಿಗುತ್ತದೆ.

ಇನ್ನೂ ಒಂದು ಮಾತು. ಈ ವರ್ಷ ನಾಲ್ವರು ಹುಡುಗಿಯರು ಅಭ್ಯಾಸಕ್ಕೆ ಬರುತ್ತಿದ್ದಾರೆ. ಅವರಲ್ಲಿ ಬಾರ್ಕೂರಿನವಳೊಬ್ಬಳು ಎರಡೂ ಕಾಲಿನಲ್ಲಿ ಪಾಸ್ ಕೊಡುತ್ತಾಳೆ. ನಮ್ಮ ಮಿಡ್‌ಫೀಲ್ಡಿನ ಚಿಂತೆಯ ಮಧ್ಯೆ ಅವಳ ಆಟ ನೋಡುವಾಗ ಹೊಟ್ಟೆ ಉರಿಯುತ್ತದೆ. ಅವರಿಗೆ ಹನ್ನೊಂದು ಜನರ ತಂಡ ಆಗುವುದು ಯಾವಾಗಲೋ. ಏಳು ಜನರ ಆಟವಿದ್ದಿದ್ದರೆ ಇನ್ನು ಮೂವರು ಸಿಕ್ಕಿದರೆ ಸಾಕಿತ್ತು.

ಹದಿನೈದು ಮ್ಯಾಚಿನ ಇನ್ನೊಂದು ಲೆಕ್ಕ

ಮತ್ತೆ ಲೆಕ್ಕಕ್ಕೆ ಬರೋಣ. 16 ತಂಡಗಳ ನಾಕೌಟ್‌ಗೆ 15 ಮ್ಯಾಚು ಬೇಕು ಎಂದು ಮೇಲೆ ಹೇಳಿದೆ. ಆರು ತಂಡಗಳು ಒಬ್ಬರೊಡನೆ ಒಬ್ಬರು ಒಂದೊಂದು ಸಲ ಆಡುವ ಲೀಗ್‌ಗೂ ಬೇಕಾಗುವುದು 15 ಮ್ಯಾಚೇ. ಮೈದಾನ, ರೆಫರಿ, ಸುಣ್ಣದ ಗೆರೆ ಎಲ್ಲಕ್ಕೂ ಅಷ್ಟೇ ಖರ್ಚು. ವ್ಯತ್ಯಾಸ ಒಂದೇ: ನಾಕೌಟ್‌ನಲ್ಲಿ ಅರ್ಧ ತಂಡಗಳಿಗೆ ಒಂದು ಮ್ಯಾಚ್ ಸಿಗುತ್ತದೆ, ಲೀಗ್‌ನಲ್ಲಿ ಕೊನೆಯ ಸ್ಥಾನದ ತಂಡಕ್ಕೂ ಐದು ಮ್ಯಾಚ್ ಸಿಗುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಂದ ಎರಡೆರಡು ಕಾಲೇಜು ಸೇರಿದರೆ ಆರು ತಂಡವಾಯಿತು. ವಾರಕ್ಕೆ ಮೂರು ಮ್ಯಾಚಿನಂತೆ ಐದು ವಾರದಲ್ಲಿ ಮುಗಿಯುತ್ತದೆ. ಒಂದು ಶನಿವಾರ ಕುಂದಾಪುರ, ಮುಂದಿನ ಶನಿವಾರ ಬ್ರಹ್ಮಾವರ, ಅದರ ಮುಂದಿನದು ಬೈಂದೂರು. ಮೂರೂ ಊರುಗಳು ಹೆದ್ದಾರಿ 66ರ ಮೇಲೆಯೇ ಇವೆ. ಕುಂದಾಪುರದಿಂದ ಮಂಗಳೂರಿಗೆ ಸುಮಾರು 90 ಕಿಲೋಮೀಟರ್, ಬೈಂದೂರಿನವರಿಗೆ 120ರ ಮೇಲೆ. ಆದರೆ ಕುಂದಾಪುರದಿಂದ ಬ್ರಹ್ಮಾವರಕ್ಕಾಗಲಿ ಬೈಂದೂರಿಗಾಗಲಿ ಲೈನ್ ಬಸ್ಸಿನಲ್ಲಿ ಒಂದು ಗಂಟೆಯ ಮಾತು. ರೆಫರಿಗಳಾಗಿ ಆಡದ ಕಾಲೇಜಿನ ಪಿ.ಡಿ. ಸರ್‌ಗಳು ಇದ್ದಾರೆ. ಕಪ್ ಬೇಕಾಗಿಲ್ಲ, ಅತಿಥಿಗಳು ಬೇಕಾಗಿಲ್ಲ, ಶಾಲು ಹಾರ ಬೇಕಾಗಿಲ್ಲ. ಎರಡು ಚೆಂಡು, ಒಂದು ಚೀಲ ಸುಣ್ಣ, ಕುಡಿಯುವ ನೀರು ಇದ್ದರೆ ಸಾಕು.

ಪೂರ್ತಿ ಮೈದಾನ ಇಲ್ಲದ ಕಡೆ ಏಳು ಜನರ ಆಟ ಆಡಬಹುದು. ಮಲಬಾರಿನಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ ‘ಸೆವೆನ್ಸ್’ ಫುಟ್‌ಬಾಲ್ ನಡೆಯುವುದನ್ನು ನೀವು ಕೇಳಿರಬಹುದು. 2018ರ ‘ಸುಡಾನಿ ಫ್ರಂ ನೈಜೀರಿಯಾ’ ಸಿನಿಮಾ ನೋಡಿದವರಿಗೆ ಅದರ ಹುಚ್ಚು ಎಂಥದ್ದೆಂದು ಗೊತ್ತು. ತಾತ್ಕಾಲಿಕ ಗ್ಯಾಲರಿ ಕಟ್ಟಿ, ಟಿಕೆಟ್ ಇಟ್ಟು, ಆಫ್ರಿಕಾದಿಂದ ಆಟಗಾರರನ್ನು ಕರೆಸುವ ಮಟ್ಟಕ್ಕೆ ಅದು ಬೆಳೆದಿದೆ. ಅವರಿಗೂ ಜಾಗ ಕಡಿಮೆಯೇ ಇತ್ತು. ಜಾಗಕ್ಕೆ ತಕ್ಕಂತೆ ಆಟವನ್ನು ಕತ್ತರಿಸಿಕೊಂಡರು. ನಮ್ಮಲ್ಲೂ ಗದ್ದೆಗಳಿವೆ. ಕೊಯ್ಲಾದ ಮೇಲೆ ಅಂಡರ್ ಆರ್ಮ್ ಕ್ರಿಕೆಟ್‌ಗೆ ಜಾಗ ಕೊಡುವ ಗದ್ದೆಯ ಯಜಮಾನರು ಫುಟ್‌ಬಾಲ್‌ಗೆ ಬೇಡ ಎನ್ನಲಾರರು. ಮಳೆಗಾಲದಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ಆಡುವ ಊರಿಗೆ ಮಣ್ಣು ಮೈಗೆ ಹತ್ತುವುದು ಹೊಸತೇನಲ್ಲ.

ದೊಡ್ಡ ಮಟ್ಟದಲ್ಲೂ ಇದಕ್ಕೆ ಉದಾಹರಣೆ ಇದೆ. ಕರ್ನಾಟಕ 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮೊದಲು ಗೆದ್ದದ್ದು 1968–69ರಲ್ಲಿ, ಮೈಸೂರು ರಾಜ್ಯದ ಹೆಸರಿನಲ್ಲಿ. 54 ವರ್ಷದ ಬರ ನೀಗಿಸಿದ ಆಟಗಾರರು ಬಂದದ್ದು ಹೆಚ್ಚಾಗಿ ಬೆಂಗಳೂರಿನ ಕ್ಲಬ್‌ಗಳಿಂದ, ಅಂದರೆ ಅಲ್ಲಿನ ಲೀಗ್ ಆಟದಿಂದ. ರಾಜಧಾನಿಯ ಹುಡುಗ ಹದಿನೆಂಟು ವರ್ಷವಾಗುವಷ್ಟರಲ್ಲಿ ಆಡಿ ಮುಗಿಸಿದಷ್ಟು ಮ್ಯಾಚನ್ನು ನಮ್ಮ ಗಂಗೊಳ್ಳಿಯ ಸ್ಟ್ರೈಕರ್ ಇಡೀ ಆಯುಷ್ಯದಲ್ಲಿ ಆಡಿರುವುದಿಲ್ಲ. ಕಾಲಿನ ಕಸುಬಿನಲ್ಲಿ ಇಬ್ಬರಿಗೂ ಅಷ್ಟು ದೊಡ್ಡ ಅಂತರವಿಲ್ಲ ಎಂದು ನನಗೆ ಅನಿಸುತ್ತದೆ. ಅಂತರ ಇರುವುದು ಆಡಿದ ಮ್ಯಾಚುಗಳ ಲೆಕ್ಕದಲ್ಲಿ.

ಹಾಗಾದರೆ ಈ ವರ್ಷ?

ಈಗ ಮಾವನ ಪ್ರಶ್ನೆಗೆ ಉತ್ತರ. ಚಾಂಪಿಯನ್ ಆಗುವುದಿಲ್ಲ. ಅದನ್ನು ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ. ಆದರೆ ಮೊದಲ ಸುತ್ತು ದಾಟುವ ಸಾಧ್ಯತೆ ಕಳೆದೆರಡು ವರ್ಷಗಳಿಗಿಂತ ಹೆಚ್ಚಿದೆ. ಅದಕ್ಕೆ ಮೂರು ಕಾರಣ ಕೊಡುತ್ತೇನೆ.

ಒಂದು, ನಮ್ಮ ಡಿಫೆನ್ಸ್ ಹಳಬರದ್ದು. ಕಳೆದ ವರ್ಷ ಒಂದೇ ಗೋಲು ಬಿಟ್ಟುಕೊಟ್ಟ ನಾಲ್ವರೂ ಇದ್ದಾರೆ. ಎರಡು, ಮಿಡ್‌ಫೀಲ್ಡ್ ಇಲ್ಲದ ತಂಡಕ್ಕೂ ಗೋಲು ಹೊಡೆಯಲು ದಾರಿಯಿದೆ. ಕಾರ್ನರ್, ಫ್ರೀ ಕಿಕ್, ಉದ್ದನೆಯ ಥ್ರೋ, ಇವಕ್ಕೆ ಪಾಸ್‌ಗಳ ಸರಮಾಲೆ ಬೇಡ, ಬರೀ ಅಭ್ಯಾಸ ಸಾಕು. ವಾರದಲ್ಲಿ ಎರಡು ದಿನ ನಾವು ಇದನ್ನೇ ಮಾಡುತ್ತಿದ್ದೇವೆ. ಮೂರು, ನಾಕೌಟ್‌ನಲ್ಲಿ ಡ್ರಾ ಆದರೆ ಪೆನಾಲ್ಟಿ ಶೂಟೌಟ್ ಬರುತ್ತದೆ. ಹನ್ನೊಂದು ಮೀಟರ್ ದೂರದಿಂದ ಬರುವ ಚೆಂಡಿಗೆ ಹಾರಲು ವಾಲಿಬಾಲ್ ಕೀಪರ್‌ಗಿಂತ ಒಳ್ಳೆಯವನು ಯಾರು? ಸುಮಾರು 40 ಲಕ್ಷ ಜನಸಂಖ್ಯೆಯ ಕ್ರೊವೇಷ್ಯಾ 2018ರ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ಮತ್ತು ರಷ್ಯಾವನ್ನು, 2022ರಲ್ಲಿ ಜಪಾನ್ ಮತ್ತು ಬ್ರೆಜಿಲನ್ನು ಮನೆಗೆ ಕಳುಹಿಸಿದ್ದು ಶೂಟೌಟ್‌ನಲ್ಲೇ. ಗಟ್ಟಿ ಡಿಫೆನ್ಸ್, ಕೊನೆಯ ತನಕ ಉಸಿರು, ಒಬ್ಬ ಒಳ್ಳೆಯ ಕೀಪರ್. ಮೊದಲನೆಯದೂ ಮೂರನೆಯದೂ ನಮ್ಮಲ್ಲಿವೆ. ಎರಡನೆಯದಕ್ಕೆ ಬಸ್ಸಿನ ಟೈಮ್ ಬದಲಾಗಬೇಕು.

ಮೊದಲ ಸುತ್ತು ದಾಟಿದರೆ ನಮಗೆ ಎರಡನೇ ಮ್ಯಾಚ್ ಸಿಗುತ್ತದೆ. ನಮ್ಮ ತಂಡದ ಮಟ್ಟಿಗೆ ಅದೇ ಕಪ್. ಗಂಗೊಳ್ಳಿಯ ಹುಡುಗನ ಆಟ ನೋಡಲು ಆಯ್ಕೆಗಾರರಿಗೆ ಇನ್ನೂ ಒಂದು ಮ್ಯಾಚ್ ಸಿಗುತ್ತದೆ ಎಂಬುದಷ್ಟೇ ನನ್ನ ಆಸೆ.

ದಾಟದಿದ್ದರೂ ಈ ಸಲ ಅಲ್ಲಿಗೆ ನಿಲ್ಲಿಸುವುದು ಬೇಡ ಎಂದು ಟೀಮಿನಲ್ಲಿ ಮಾತಾಗಿದೆ. ಪಂದ್ಯಾಟ ಮುಗಿದು, ಮಳೆ ಬಿಟ್ಟು, ಗದ್ದೆ ಒಣಗಿದ ಮೇಲೆ ಮೂರು ತಾಲೂಕಿನ ಆರು ತಂಡಗಳ ಲೀಗ್ ಶುರು ಮಾಡಲು ನಾವು ಮೊದಲ ಎರಡು ಕಾಲೇಜುಗಳ ಗೆಳೆಯರ ಜೊತೆ ಮಾತಾಡಿದ್ದೇವೆ. ಅವರು ಒಪ್ಪಿದ್ದಾರೆ. ಇನ್ನು ಮೂರು ತಂಡ ಬೇಕು. ಜೊತೆಗೆ ಏಳು ಹುಡುಗಿಯರ ಒಂದೆರಡು ತಂಡವಾದರೆ ಬಾರ್ಕೂರಿನವಳಿಗೂ ಆಟ ಸಿಗುತ್ತದೆ. ಬ್ರಹ್ಮಾವರದ ಕಡೆಯವರು, ಬೈಂದೂರಿನವರು, ಕೋಟೇಶ್ವರ, ಶಂಕರನಾರಾಯಣದವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಪಿ.ಡಿ. ಸರ್ ಹತ್ತಿರ ಒಂದು ಮಾತು ಕೇಳಿ ನೋಡಿ. ಚೆಂಡು ನಾವು ತರುತ್ತೇವೆ. ಸುಣ್ಣ ನಿಮ್ಮದು.